ಇಸ್ತ್ರಿಪೆಟ್ಟಿಗೆಯ ನೆರಳಿನ ಊರು

ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಹಳದಿ ವೆಸ್ಪಾ ಸ್ಕೂಟರೊಂದು ಬಂದು ಗುದ್ದುತ್ತದೆ. ಓಡಿಸುತ್ತಿದ್ದ ಹೆಂಗಸು ಇಳಿದು ಅವನ ಬಾಯಿಗೆ ಬಾಯಿಟ್ಟು ಉಸಿರು ತುಂಬುತ್ತಾಳೆ. ಸದ್ಯ ಬದುಕಿದನಲ್ಲ ಎಂದು ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಗಿಟಾರು ಎತ್ತಿ ಅವನ ತಲೆಗೆ ಬಾರಿಸುತ್ತಾಳೆ. ಹಣೆಯಲ್ಲಿ ಕೊಂಬು ಮೊಳೆಯುತ್ತದೆ. ಮನೆಗೆ ಹೋದರೆ ಅದೇ ಹೆಂಗಸು ಅಲ್ಲಿ ಮನೆಗೆಲಸಕ್ಕೆ ಸೇರಿಕೊಂಡಿದ್ದಾಳೆ. ಕೊನೆಗೆ ಅವನ ಹಣೆಯೊಳಗಿಂದ, ಟಿ.ವಿ. ಪೆಟ್ಟಿಗೆಯನ್ನೇ ತಲೆಯಾಗಿ ಹೊತ್ತ ಯಂತ್ರಮಾನವನೊಬ್ಬ ಹೊರಬರುತ್ತಾನೆ. ಇಷ್ಟೆಲ್ಲ ಮೊದಲ ಕಂತಿನಲ್ಲೇ, ಅರ್ಧ ಗಂಟೆಯೊಳಗೆ.

ಇದು ‘ಫುರಿ ಕುರಿ’. (ನಮ್ಮ ಕುರಿಗೂ ಇದಕ್ಕೂ ಸಂಬಂಧವಿಲ್ಲ. ಜಪಾನಿ ಭಾಷೆಯಲ್ಲೂ ಈ ಮಾತಿಗೆ ನೆಟ್ಟಗೊಂದು ಅರ್ಥವಿಲ್ಲ. ಸರಣಿಯೊಳಗಿನ ಪಾತ್ರಗಳೇ ಹಾಗೆಂದರೇನು ಎಂದು ಕೇಳುತ್ತಿರುತ್ತವೆ.) ಗೈನಾಕ್ಸ್ ಮತ್ತು ಪ್ರೊಡಕ್ಷನ್ ಐಜಿ ಸಂಸ್ಥೆಗಳು 2000 ಮತ್ತು 2001ರಲ್ಲಿ ಹೊರತಂದ, ಬರೀ ಆರು ಕಂತುಗಳ ಚಿತ್ರಸರಣಿ. ನಿರ್ದೇಶನ ಕಜುಯಾ ತ್ಸುರುಮಾಕಿ, ಬರವಣಿಗೆ ಯೋಜಿ ಎನೊಕಿದೊ. 2003ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಬಂದ ಮೇಲೆ ಜಪಾನಿನ ಹೊರಗೂ ಇದಕ್ಕೆ ಭಕ್ತರಂಥ ನೋಡುಗರು ಹುಟ್ಟಿಕೊಂಡರು. ಒಟ್ಟು ಎರಡೂವರೆ ಗಂಟೆಯ ಕೆಲಸ. ಮೊದಲ ಸಲ ನೋಡಿದಾಗ ತಲೆಬುಡ ತಿಳಿಯುವುದಿಲ್ಲ. ಆದರೂ ನೋಡಿದವರು ಮತ್ತೆ ನೋಡುತ್ತಾರೆ. ನಾವೂ ನೋಡಿದೆವು.

ಗದ್ದಲವೇ ಇದರ ರುಚಿ ಎಂದು ಹೇಳುವವರಿದ್ದಾರೆ. ಗದ್ದಲವೇನೋ ಇದೆ. ಊಟದ ಹೊತ್ತಿನ ಮಾತುಕತೆ ಇದ್ದಕ್ಕಿದ್ದಂತೆ ಮಂಗಾ ಪುಸ್ತಕದ ಪುಟವಾಗಿ, ಕ್ಯಾಮೆರಾ ಚೌಕದಿಂದ ಚೌಕಕ್ಕೆ ಓಡುತ್ತದೆ. ಐದನೇ ಕಂತಿನಲ್ಲಿ ಕೂದಲು ಕತ್ತರಿಸುವ ಒಂದು ದೃಶ್ಯ ಅಮೆರಿಕದ ‘ಸೌತ್ ಪಾರ್ಕ್’ ಶೈಲಿಗೆ ಜಿಗಿದು ವಾಪಸು ಬರುತ್ತದೆ. ಆದರೆ ಬರೀ ಗದ್ದಲಕ್ಕೆ ಆಯಸ್ಸು ಕಡಿಮೆ, ಎರಡನೇ ಸಲಕ್ಕೆ ಅದು ತಲೆನೋವು. ಇಲ್ಲಿ ಹಾಗಾಗುವುದಿಲ್ಲ. ಉರ್ದು ದಾಸ್ತಾನ್‌ಗಳನ್ನು ಕೇಳಿದವರಿಗೆ ಅಮರ್ ಅಯ್ಯಾರನ ಜಂಬೀಲು ನೆನಪಿರಬಹುದು. ಅವನ ಆ ಚೀಲದಿಂದ ಏನು ಬೇಕಾದರೂ ಬರುತ್ತದೆ, ಅದರೊಳಗೆ ಊರುಗಳೇ ಇವೆ. ಕೇಳುವವರು ಅದನ್ನು ತಕರಾರಿಲ್ಲದೆ ಒಪ್ಪುತ್ತಾರೆ, ಯಾಕೆಂದರೆ ಚೀಲ ಯಾರದು ಎನ್ನುವುದು ಗೊತ್ತಿದೆ. ಇಲ್ಲಿ ಜಂಬೀಲು ಹನ್ನೆರಡು ವರ್ಷದ ನಾವೋತನ ತಲೆ. ಹೊರಬರುವುದೆಲ್ಲ ಅವನು ಯಾರಿಗೂ ಹೇಳದೆ ಅದುಮಿಟ್ಟದ್ದು.

ಏನದು? ಅವನ ಅಣ್ಣ ತಸುಕು ಬೇಸ್‌ಬಾಲ್ ಆಡಲು ಅಮೆರಿಕಕ್ಕೆ ಹೋಗಿದ್ದಾನೆ. ಅಲ್ಲಿ ಹೊಸ ಗೆಳತಿ ಸಿಕ್ಕಿದ್ದಾಳೆಂಬ ಸುದ್ದಿ ಕಾಗದದಲ್ಲಿ ಬಂದಿದೆ. ಇಲ್ಲಿ ಬಿಟ್ಟುಹೋದ ಮಾಮಿಮಿ ಎಂಬ ಹುಡುಗಿ ತಮ್ಮನಿಗೆ ಅಂಟಿಕೊಂಡಿದ್ದಾಳೆ. ಅವನನ್ನು ಕರೆಯುವ ಮುದ್ದು ಹೆಸರನ್ನೇ ಒಂದು ಬೆಕ್ಕಿನ ಮರಿಗೂ ಇಟ್ಟಿದ್ದಾಳೆ. ಅಲ್ಲಿಗೆ ಅವನ ಸ್ಥಾನ ಏನೆಂದು ತಿಳಿಯಿತಲ್ಲ! ನಾವೋತ ಎಲ್ಲಿ ಹೋದರೂ ಬ್ಯಾಟು ಹಿಡಿದೇ ಹೋಗುತ್ತಾನೆ, ಆಟದಲ್ಲಿ ಮಾತ್ರ ಬೀಸುವುದಿಲ್ಲ. ಬೀಸಿದರೆ ತಪ್ಪೀತು, ತಪ್ಪಿದರೆ ಅಣ್ಣನಂಥವನಲ್ಲ ಎಂದು ಊರಿಗೆಲ್ಲ ತಿಳಿದೀತು. ನಾಲ್ಕನೇ ಕಂತಿನಲ್ಲಿ ಆಕಾಶದಿಂದ ಊರಿನ ಮೇಲೆ ಬೀಳುವ ಬಾಂಬಿಗೆ ಎದುರಾಗಿ ನಿಂತು ಕೊನೆಗೂ ಬೀಸುವಾಗ ನಮ್ಮ ಕೈ ತಾನಾಗಿ ಬಿಗಿಯಾಯಿತು. ಅಷ್ಟು ದೊಡ್ಡ ಗದ್ದಲ ಅಷ್ಟು ಸಣ್ಣ ಸಂಗತಿಗಾಗಿ. ಮಕ್ಕಳ ಅಳತೆಯಲ್ಲಿ ಅದು ಸಣ್ಣದಲ್ಲವೆಂದು ಈ ಸರಣಿಗೆ ಗೊತ್ತು.

ಊರಿನ ಹೆಸರು ಮಬಾಸೆ. ಅದರ ಮಧ್ಯೆ ಮೆಡಿಕಲ್ ಮೆಕ್ಯಾನಿಕಾ ಎಂಬ ಕಾರ್ಖಾನೆ, ಆಕಾರದಲ್ಲಿ ಬೃಹತ್ ಇಸ್ತ್ರಿಪೆಟ್ಟಿಗೆ. ಅದು ಆಗಾಗ ಹಬೆಯುಗುಳಿ ಊರನ್ನೆಲ್ಲ ಮುಸುಕುತ್ತದೆ. ಯಾಕೆಂದು ಜನ ಕೇಳುವುದಿಲ್ಲ, ರೂಢಿಯಾಗಿದೆ. ಮೆದುಳಿನ ಸುಕ್ಕು ತೆಗೆದು ಜನ ಯೋಚಿಸದಂತೆ ಮಾಡುವುದೇ ಅದರ ಕೆಲಸವೆಂದು ಕೊನೆಗೆ ಗೊತ್ತಾಗುತ್ತದೆ. ಹೀಗೆ ಬಾಯಿಬಿಟ್ಟು ಹೇಳದಿದ್ದರೂ ನಡೆಯುತ್ತಿತ್ತು. ಹೇಳುವವನು ಅಮರಾವೋ, ಗ್ರಹಗಳ ನಡುವಿನ ವಲಸೆ ಇಲಾಖೆಯ ಅಧಿಕಾರಿ. ಹುಬ್ಬು ದಪ್ಪ ಕಾಣಲೆಂದು ಕಡಲಪಾಚಿಯ ಹಾಳೆ ಅಂಟಿಸಿಕೊಂಡ ದೊಡ್ಡ ಮನುಷ್ಯ! ಇಲ್ಲಿನ ಹಿರಿಯರೆಲ್ಲ ಹೀಗೆಯೇ. ಅಪ್ಪ ಮಗನ ವಯಸ್ಸಿಗಿಂತ ಕೆಳಗಿಳಿದು ಆಡುತ್ತಾನೆ. ಶಾಲಾ ನಾಟಕದಲ್ಲಿ ನಾವೋತನ ಜೊತೆ ಮುಖ್ಯ ಪಾತ್ರ ಸಿಗಲೆಂದು ಮತ ತಿದ್ದುವ ಮೇಯರನ ಮಗಳು ನಿನಾಮೊರಿಯೇ ಇವರೆಲ್ಲರಿಗಿಂತ ಪ್ರೌಢೆ ಎನಿಸುತ್ತದೆ.

ಒಂದು ಮಾತನ್ನು ನುಂಗಿಕೊಂಡು ಹೊಗಳಲಾರೆವು. ಸ್ಕೂಟರಿನ ಹೆಂಗಸು ಹರುಕೊ ಮತ್ತು ಈ ಹುಡುಗನ ನಡುವೆ ನಡೆಯುವ ಕೆಲವು ತಮಾಷೆ ನಮಗೆ ಸಹ್ಯವಾಗಲಿಲ್ಲ, ಅಪ್ಪನ ಪೋಲಿ ಮಾತುಗಳೂ. ಆ ತಲೆಮಾರಿನ ಜಪಾನಿ ಚಿತ್ರಗಳ ಚಾಳಿ ಎಂದು ಬಿಟ್ಟುಬಿಡುವವರಿದ್ದಾರೆ. ಚಾಳಿಯಾದ ಮಾತ್ರಕ್ಕೆ ಸರಿಯಾಗುವುದಿಲ್ಲ. ಮನೆಯ ಚಿಕ್ಕ ಮಕ್ಕಳ ಮುಂದೆ ನಾವು ಇದನ್ನು ಹಾಕಲಾರೆವು. ಹರುಕೊ ಅವನನ್ನು ಬಳಸಿಕೊಳ್ಳುತ್ತಿದ್ದಾಳೆಂದು ಸರಣಿ ಮರೆಮಾಚುವುದಿಲ್ಲ, ನಿಜ. ಅವಳಿಗೆ ಬೇಕಾದವನು ಅಟೊಮ್ಸ್ಕ್ ಎಂಬ ಕಡಲ್ಗಳ್ಳರ ರಾಜ. ಹುಡುಗನ ತಲೆ ಅವನನ್ನು ತಲುಪುವ ಬಾಗಿಲು, ಅಷ್ಟೆ. ಆದರೆ ನೋವೆಂದು ತಿಳಿದದ್ದನ್ನೇ ನಗೆಗೂ ಮಾರಿಕೊಳ್ಳುವ ಜಾಗಗಳಿವೆ. ಅಲ್ಲಿ ಅದು ಅಗ್ಗವಾಗುತ್ತದೆ.

ಹಾಡುಗಳು ಪಿಲೋಸ್ ಎಂಬ ರಾಕ್ ತಂಡದವು. ಹೆಚ್ಚಿನವು ಸರಣಿಗಾಗಿ ಕಟ್ಟಿದವಲ್ಲ, ಆ ತಂಡದ 1998 ಮತ್ತು 1999ರ ಆಲ್ಬಂಗಳಿಂದ ಎತ್ತಿಕೊಂಡವು. ಮಾತು ನಿಲ್ಲುವಲ್ಲಿ ಗಿಟಾರು ಶುರುವಾಗುತ್ತದೆ, ಪಾತ್ರಗಳು ಹೇಳಲಾರದ್ದನ್ನು ಹಾಡು ಹೊತ್ತುಕೊಳ್ಳುತ್ತದೆ. ನಾವು ಕತೆ ಬರೆಯುವವರು ಇಂಥ ಕಡೆ ಎರಡು ಪುಟ ವಿವರಣೆ ತುಂಬುತ್ತೇವೆ. ಓದುಗ ದಡ್ಡನೆಂಬ ಭಯವೋ, ನಮ್ಮ ಮೇಲೆಯೇ ನಂಬಿಕೆಯಿಲ್ಲವೋ!

2018ರಲ್ಲಿ ಎರಡು, 2023ರಲ್ಲಿ ಎರಡು ಮುಂದುವರಿಕೆಗಳು ಬಂದವು. ಸ್ಕೂಟರು, ಗಿಟಾರು, ಇಸ್ತ್ರಿಪೆಟ್ಟಿಗೆ ಎಲ್ಲ ಇದ್ದವು, ನಾವೋತ ಇರಲಿಲ್ಲ. ನೋಡಿದೆವು, ಮರೆತೆವು. ಗೈನಾಕ್ಸ್ ಸಂಸ್ಥೆ 2024ರಲ್ಲಿ ದಿವಾಳಿಯಾಯಿತು.

ಮೊದಲ ಸರಣಿಯ ಕೊನೆಯಲ್ಲಿ ನಾವೋತ ಹರುಕೊಗೆ ಪ್ರೀತಿಯ ಮಾತನ್ನು ಹೇಳಿಯೇಬಿಡುತ್ತಾನೆ. ಅವಳು, ನೀನಿನ್ನೂ ಮಗು ಎಂದು ನಕ್ಕು, ಅವನನ್ನು ಜೊತೆಗೆ ಕರೆದುಕೊಳ್ಳದೆ ಅಟೊಮ್ಸ್ಕ್‌ನ ಬೆನ್ನು ಹತ್ತಿ ಹೊರಟುಹೋಗುತ್ತಾಳೆ. ಮಾಮಿಮಿಯೂ ಊರು ಬಿಡುತ್ತಾಳೆ. ಹುಡುಗ ಮುಂದಿನ ಶಾಲೆಯ ಸಮವಸ್ತ್ರ ತೊಟ್ಟು ಎಂದಿನ ದಾರಿಯಲ್ಲಿ ನಡೆಯುತ್ತಾನೆ. ಅವನ ಕೋಣೆಯಲ್ಲಿ, ಅವಳು ಬಿಟ್ಟುಹೋದ ಗಿಟಾರು ನಿಂತಿದೆ.