ಬಾಗಿಲೊಳಗಿನ ಕಸುಬು

ತಿರುವನಂತಪುರದ ಪಟ್ಟಂ ಅರಮನೆಯಲ್ಲಿದ್ದ ಪ್ರಸಿದ್ಧ ಬೆಂಜ್ 180 ಕಾರಿನ ನಂಬರು ಸಿಎಎನ್ 42. ಅದು ಕರ್ನಾಟಕದ ನೋಂದಣಿ! ತಿರುವಾಂಕೂರು ರಾಜಮನೆತನದ ಉತ್ರಾಡಂ ತಿರುನಾಳ್ ಮಾರ್ತಾಂಡವರ್ಮ (1922–2013) ದಶಕಗಳ ಕಾಲ ಅದನ್ನು ಅಕ್ಕರೆಯಿಂದ ಇಟ್ಟುಕೊಂಡಿದ್ದರು. ಹಳೆಯ ಎಷ್ಟೋ ಕಾರುಗಳಂತೆ ಅದರಲ್ಲೂ ಗಾಜು ಏರಿಳಿಯುವುದು ಕೈಹಿಡಿಕೆಯಿಂದಲೇ.

ಇಂಥ ಕಾರು ಕಂಡವರು ಎಂಜಿನ್ನನ್ನು ಹೊಗಳುತ್ತಾರೆ. ನನ್ನ ಮೆಚ್ಚುಗೆ ಗಾಜು ಏರಿಳಿಸುವ ಬಾಗಿಲೊಳಗಿನ ರೆಗ್ಯುಲೇಟರಿಗೆ. ಹಿಡಿಕೆ ತಿರುವಿದರೆ ಪುಟ್ಟ ಹಲ್ಲುಚಕ್ರವೊಂದು ಬೀಸಣಿಗೆಯಾಕಾರದ ಹಲ್ಲುಪಟ್ಟಿಯನ್ನು ದೂಡುತ್ತದೆ. ಅದರ ತೋಳು ಗಾಜನ್ನು ಎತ್ತುತ್ತದೆ. ಸುರುಳಿ ಸ್ಪ್ರಿಂಗು ಭಾರಕ್ಕೆ ಹೆಗಲು ಕೊಡುತ್ತದೆ. ಹಲ್ಲು ಸವೆದರೆ ಹಿಡಿಕೆ ಸುಮ್ಮನೆ ಸುತ್ತುತ್ತದೆ, ಗಾಜು ಓರೆಯಾಗಿ ಕಚ್ಚಿಕೊಳ್ಳುತ್ತದೆ.

ಸವೆದ ರೆಗ್ಯುಲೇಟರನ್ನು ಬದಲಿಸುವ ಮೆಕ್ಯಾನಿಕ್‌ನ ಕೈಯನ್ನು ನೋಡಬೇಕು. ಹಿಡಿಕೆ ಕಳಚಿ, ಬಾಗಿಲ ಒಳಹೊದಿಕೆ ಮುರಿಯದಂತೆ ಬಿಡಿಸಿ, ಮೊದಲು ಗಾಜಿಗೆ ಆಸರೆ ಕೊಡುತ್ತಾನೆ. ಬಿಗಿದ ಸ್ಪ್ರಿಂಗನ್ನು ಭದ್ರಪಡಿಸದೆ ಬೋಲ್ಟು ಮುಟ್ಟುವುದಿಲ್ಲ. ಸಿಡಿದರೆ ಬೆರಳಿಗೇ ಅಪಾಯ. ಆಮೇಲೆ ಕಿರಿದಾದ ಕಿಂಡಿಯೊಳಗೆ ಕೈಯಿಟ್ಟು, ಕಣ್ಣಿಗೆ ಕಾಣದ ತಗಡಿನ ಅಂಚು, ತಿರುವು, ರೋಲರಿನ ಹಾದಿ ಎಲ್ಲವನ್ನೂ ಬೆರಳ ತುದಿಯಲ್ಲೇ ಓದುತ್ತಾ ಆ ತೋಳನ್ನು ಓರೆ ಮಾಡಿ ಹೊರತೆಗೆಯುತ್ತಾನೆ. ಎಂಥ ತಾಳ್ಮೆ!

ಒಳ್ಳೆಯ ಕಸುಬುದಾರ ಅಲ್ಲಿಗೇ ನಿಲ್ಲಿಸುವುದಿಲ್ಲ. ಗಾಜು ಜಾರುವ ಚಾನೆಲ್ಲಿನ ಫೆಲ್ಟು ಗಟ್ಟಿಯಾಗಿದ್ದರೆ ಹೊಸ ಹಲ್ಲೂ ಬೇಗ ಸವೆಯುತ್ತದೆಂದು ಬಲ್ಲವನು ಅದನ್ನೂ ಬದಲಿಸುತ್ತಾನೆ. ಕೊಚ್ಚಿ, ತಿರುವನಂತಪುರದಂಥ ಮಳೆ ಮತ್ತು ಉಪ್ಪುಗಾಳಿಯ ಊರುಗಳಲ್ಲಿ ಬಾಗಿಲ ತಳದ ನೀರಿನ ತೂತುಗಳು ಕಟ್ಟಿಕೊಂಡರೆ ತುಕ್ಕು ಖಚಿತ. ಹಳೆಯ ಕಾರಿದ್ದವರು ಮಳೆಗಾಲಕ್ಕೆ ಮುನ್ನ ಅವನ್ನು ಬಿಡಿಸಿಕೊಳ್ಳಿ.