ಮಧ್ಯಯುಗದ ಆಟಗಳಲ್ಲಿ ಮಗುವಿನ ಪಾತ್ರ

ಚರಿತ್ರೆಯನ್ನು ವಸ್ತುವಾಗುಳ್ಳ ವಿಡಿಯೋ ಆಟಗಳನ್ನು ನಾಟಕ ಕಾದಂಬರಿಗಳಂತೆಯೇ ವಿಮರ್ಶಿಸುವುದು ಇಂದು ಅಗತ್ಯವಾಗಿದೆ. ಅವುಗಳಲ್ಲಿ ಮಕ್ಕಳ ಪಾತ್ರವು ಕಾಲೋಚಿತವಾಗಿದೆಯೆ ಎಂದು ಪರೀಕ್ಷಿಸುವವರು ಸಾಮಾನ್ಯವಾಗಿ ಉಡುಪನ್ನಷ್ಟೇ ನೋಡುವರು. ಉಡುಪಿಗಿಂತ ಮುಖ್ಯವಾದುದು ಆ ಕಾಲದ ಬಾಳಿನಲ್ಲಿ ಮಗುವಿಗಿದ್ದ ಸ್ಥಾನ.

ಪ್ರಾಗ್ ನಗರದ ವಾರ್‌ಹಾರ್ಸ್ ಸಂಸ್ಥೆಯವರು 2018ರಲ್ಲಿ ಹೊರತಂದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಎಂಬ ಆಟವು 1403ರ ಬೊಹೀಮಿಯಾ ದೇಶವನ್ನು ಚಿತ್ರಿಸುತ್ತದೆ. ಕವಚ, ಕೋಟೆ, ಉಡಿಗೆಗಳಲ್ಲಿ ಅವರು ತೋರಿದ ಶ್ರದ್ಧೆಯು ಮೆಚ್ಚತಕ್ಕದ್ದು. ಆದರೆ ಆ ಹಳ್ಳಿಗಳ ಬೀದಿಗಳಲ್ಲಿ ಒಂದು ಮಗುವೂ ಓಡಾಡುವುದಿಲ್ಲ! ಆಟಗಾರನ ಕತ್ತಿಗೆ ಯಾರಾದರೂ ಸಿಕ್ಕಬಹುದಾದ ಲೋಕದಲ್ಲಿ ಮಕ್ಕಳನ್ನಿರಿಸಲು ಕೈ ಹಿಂಜರಿಯುವುದು ಸಹಜವೇ. ಆದರೂ ಮಕ್ಕಳಿಲ್ಲದ ಊರು ಯಾವ ಶತಮಾನದ್ದೂ ಆಗಲಾರದು.

ಬೋರ್ಡೊ ನಗರದ ಅಸೋಬೊ ಸಂಸ್ಥೆಯವರ ‘ಎ ಪ್ಲೇಗ್ ಟೇಲ್: ಇನ್ನೊಸೆನ್ಸ್’ (2019) ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದಿದೆ. 1348ರ ಫ್ರಾನ್ಸ್ ದೇಶ, ಮಹಾಮಾರಿಯ ಹಾವಳಿ, 15 ವರ್ಷದ ಅಮೀಸಿಯಾ ಮತ್ತು 5 ವರ್ಷದ ಅವಳ ತಮ್ಮ ಹ್ಯೂಗೊ ಅನಾಥರಂತೆ ಅಲೆಯುವರು. ಇಲಿಗಳ ಪ್ರವಾಹವೂ ಬಾಲಕನ ರಕ್ತದಲ್ಲಿನ ವಿಚಿತ್ರ ವ್ಯಾಧಿಯೂ ಶುದ್ಧ ಕಲ್ಪನೆ. ಕುಲೀನ ಕನ್ಯೆಯು ಕವಣೆಯಿಂದ ಸೈನಿಕರನ್ನು ಕೆಡಹುವುದೂ ಆಟದ ಅನುಕೂಲಕ್ಕಾಗಿ ಕಲ್ಪಿಸಿದುದೇ. ಆದರೆ ಅಂದಿನ ಚರ್ಚಿನ ವಿಧಿಯಂತೆ ಹೆಣ್ಣಿಗೆ 12, ಗಂಡಿಗೆ 14 ವಿವಾಹಯೋಗ್ಯ ವಯಸ್ಸಾಗಿತ್ತೆಂಬುದನ್ನು ನೆನೆದರೆ, 15ರ ಅಕ್ಕನು ತಮ್ಮನ ಭಾರವನ್ನು ಹೊರುವುದು ಅಸಹಜವೆನಿಸದು.

ಹ್ಯೂಗೊನಾದರೋ ಅಕ್ಕನಿಂದ ದೂರವಾದರೆ ಹೆದರುವನು. ಕೈ ಹಿಡಿದು ನಡೆಯುವನು. ಅವಳ ಮುಡಿಗೆ ಹೂವಿಡುವನು. ಇದು ಇಂದಿನ ಮಗುವನ್ನು ಹಿಂದಿನ ಕಾಲಕ್ಕೆ ಹಾಕಿದುದಲ್ಲವೆ ಎಂದು ಆಕ್ಷೇಪಿಸಬಹುದು. ಮಧ್ಯಯುಗಕ್ಕೆ ಬಾಲ್ಯದ ಭಾವನೆಯೇ ಇರಲಿಲ್ಲವೆಂದು ಫಿಲಿಪ್ ಆರಿಯೆಸ್ 1960ರಲ್ಲಿ ವಾದಿಸಿದ್ದುಂಟು. ಆದರೆ ಮಧ್ಯಯುಗದ ಮಕ್ಕಳನ್ನು ಕುರಿತ ನಿಕೊಲಸ್ ಓರ್ಮ್ ಅವರ ಗ್ರಂಥವು (2001) ಆ ವಾದವನ್ನು ಬಲವಾಗಿ ಖಂಡಿಸಿದೆ. ಲಂಡನ್ನಿನಲ್ಲಿ ದೊರೆತ, ಸುಮಾರು 1300ರ ಲೋಹದ ಆಟಿಕೆ ಕುದುರೆಸವಾರನೂ ಅದನ್ನೇ ಸಾರುತ್ತಾನೆ. ಮಗುವಿನ ಕೈಗೆಂದೇ ಆಟಿಕೆಯನ್ನು ಎರಕಹೊಯ್ದ ಜನರು ಬಾಲ್ಯವನ್ನರಿಯದವರೆಂದು ಹೇಗೆ ನಂಬುವುದು?

ಆದಕಾರಣ ಈ ಎರಡು ಆಟಗಳನ್ನು ತೂಗಿದರೆ, ಇಲಿಗಳ ಕಟ್ಟುಕಥೆಯೇ ಮಕ್ಕಳ ವಿಷಯದಲ್ಲಿ ಚರಿತ್ರೆಗೆ ಹೆಚ್ಚು ಸಮೀಪವೆಂದು ಹೇಳಬೇಕಾಗುತ್ತದೆ. ಉಡುಪಿನ ತಪ್ಪನ್ನು ತಿದ್ದಬಹುದು; ಮಗುವನ್ನೇ ಬಿಟ್ಟ ಚಿತ್ರದಲ್ಲಿ ತಿದ್ದಲು ಏನೂ ಉಳಿದಿರುವುದಿಲ್ಲ.