ಬೇಂದ್ರೆಯವರ ಕಿವಿ

ದ. ರಾ. ಬೇಂದ್ರೆಯವರ (1896–1981) ಮನೆಮಾತು ಮರಾಠಿ. ಅವರು ವರಕವಿಯಾದುದು ಕನ್ನಡದಲ್ಲಿ. ಇದನ್ನು ಭಾಷಾಭಿಮಾನದ ವಿಜಯವೆಂದು ಕೊಂಡಾಡಿ ಸುಮ್ಮನಾಗುವುದು ವಿಮರ್ಶೆಯಲ್ಲ. ಮನೆಯ ಮಾತು ರೂಢಿಯಿಂದ ಕಿವಿಗೆ ಮಂಕಾಗುವುದು. ಹೊಸ್ತಿಲಾಚೆಯ ಮಾತಿನ ನಾದವಾದರೋ ಅರ್ಥಕ್ಕಿಂತ ಮುಂಚೆಯೇ ಬಂದು ತಾಗುವುದು. ಪಂಡಿತರು ಗ್ರಾಮ್ಯವೆಂದು ಬದಿಗಿಡುತ್ತಿದ್ದ ಧಾರವಾಡದ ಆಡುನುಡಿಯನ್ನು ‘ಗರಿ’ಯ (1932) ಕವಿಯು ಹೀಗೆ ಹೊಸ್ತಿಲಲ್ಲಿ ನಿಂತು ಆಲಿಸಿದುದರಿಂದಲೇ ಅದರ ಬಳುಕು, ಒತ್ತು, ಎಳೆತಗಳು ಲಯವಾಗಿ ಪರಿಣಮಿಸಿದುವೆಂದು ತೋರುವುದು. ಈ ಬೆರಗು ಒಮ್ಮೊಮ್ಮೆ ಮಿತಿ ಮೀರುವುದೂ ಉಂಟು: ‘ನಾಕುತಂತಿ’ಯ (1964) ಕೆಲವೆಡೆ ನಾದವು ಮುಂದೋಡಿ, ಅರ್ಥವು ಏದುಸಿರು ಬಿಡುತ್ತ ಹಿಂದುಳಿಯುವುದು. ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿಯವರಲ್ಲಿ ಇದೇ ಎಚ್ಚರವು ಬೇರೊಂದು ಫಲ ಕೊಟ್ಟಿತು. ಅವರ ಕಥೆಗಳ ಗದ್ಯದಲ್ಲಿ ಒಂದು ಪದವೂ ದನಿಯೇರಿಸದು.